ಕಿಟ್ ಕಾರು

ಕಿಟ್ ಕಾರು ಎಂಬುದು ಬಿಡಿಭಾಗಗಳ ರೂಪದಲ್ಲಿ ಮಾರಾಟವಾಗುವ, ಕೊಂಡವರು ಸ್ವತಃ ಜೋಡಿಸಿ ಪೂರ್ಣಗೊಳಿಸಬೇಕಾದ ಮೋಟಾರು ವಾಹನವಾಗಿದೆ. ತಯಾರಕರು ಸಾಮಾನ್ಯವಾಗಿ ಚಾಸಿ, ಹೊರಕವಚ ಮತ್ತು ಕೆಲವು ವಿಶೇಷ ಭಾಗಗಳನ್ನು ಒದಗಿಸುತ್ತಾರೆ. ಎಂಜಿನ್, ಗೇರ್‌ಬಾಕ್ಸ್, ಆಕ್ಸಲ್, ಸ್ಟೀರಿಂಗ್ ಮೊದಲಾದವುಗಳನ್ನು ಬೇರೊಂದು ಹಳೆಯ ಕಾರಿನಿಂದ ಬಿಚ್ಚಿ ತೆಗೆದು ಬಳಸಲಾಗುತ್ತದೆ. ಹೀಗೆ ಭಾಗಗಳನ್ನು ನೀಡುವ ಹಳೆಯ ಕಾರನ್ನು 'ದಾನಿ ಕಾರು' ಎಂದು ಕರೆಯುತ್ತಾರೆ. ಈ ಪದ್ಧತಿಯು ಬ್ರಿಟನ್ ಮತ್ತು ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಹೆಚ್ಚು ಪ್ರಚಲಿತವಾಗಿದೆ. ಕಡಿಮೆ ಹಣದಲ್ಲಿ ಕ್ರೀಡಾ ಕಾರೊಂದನ್ನು ಹೊಂದುವ ಮಾರ್ಗವೆಂಬ ಕಾರಣಕ್ಕಾಗಿ ಇದು ಯುವ ಚಾಲಕರನ್ನು ಆಕರ್ಷಿಸುತ್ತದೆ. ಆದರೆ ಕಾರಿನ ನಿರ್ಮಾಣ ವೆಚ್ಚಕ್ಕಿಂತಲೂ ವಿಮೆ, ಸರ್ಕಾರಿ ಅನುಮೋದನೆ ಮತ್ತು ಸುರಕ್ಷತೆಯ ವಿಷಯಗಳೇ ಯುವ ಚಾಲಕರ ಪಾಲಿಗೆ ನಿರ್ಣಾಯಕವಾಗುತ್ತವೆ.

ಸ್ವರೂಪ

ಕಿಟ್ ಕಾರುಗಳಲ್ಲಿ ಹಲವು ಬಗೆಗಳಿವೆ. ಕೆಲವು ತಯಾರಕರು ಹೊಸ ಎಂಜಿನ್ ಸಹಿತ ಎಲ್ಲ ಭಾಗಗಳನ್ನೂ ಒಳಗೊಂಡ ಸಂಪೂರ್ಣ ಕಿಟ್ಟನ್ನು ಮಾರುತ್ತಾರೆ. ಇಂತಹವುಗಳ ಬೆಲೆ ಅಧಿಕ. ಇನ್ನು ಕೆಲವರು ಚಾಸಿ ಮತ್ತು ಹೊರಕವಚವನ್ನಷ್ಟೇ ಮಾರುತ್ತಾರೆ. ಮೂರನೆಯ ಬಗೆಯಲ್ಲಿ ಕಿಟ್ ಎಂಬುದೇ ಇರುವುದಿಲ್ಲ. ನಿರ್ಮಿಸುವವರು ಪುಸ್ತಕದಲ್ಲಿನ ನಕ್ಷೆಗಳನ್ನು ಆಧರಿಸಿ ಉಕ್ಕಿನ ಕೊಳವೆಗಳನ್ನು ತಾವೇ ಕತ್ತರಿಸಿ ಬೆಸುಗೆ ಹಾಕಿ ಚಾಸಿಯನ್ನು ಸಿದ್ಧಪಡಿಸುತ್ತಾರೆ. ಅತಿ ಕಡಿಮೆ ವೆಚ್ಚದ ಕಾರುಗಳು ಬಹುತೇಕ ಈ ಮೂರನೆಯ ವರ್ಗಕ್ಕೆ ಸೇರುತ್ತವೆ.

ಕಿಟ್ ಕಾರನ್ನು, ದೊಡ್ಡ ಕಂಪನಿಗಳು ಅನುಸರಿಸುವ ಬಿಡಿಭಾಗ ಆಮದಿನ ಪದ್ಧತಿಯೊಂದಿಗೆ ಗೊಂದಲಗೊಳಿಸಬಾರದು. ಆ ಪದ್ಧತಿಯಲ್ಲಿ ಒಂದು ದೇಶದಲ್ಲಿ ತಯಾರಾದ ಭಾಗಗಳನ್ನು ಇನ್ನೊಂದು ದೇಶದ ಕಾರ್ಖಾನೆಗೆ ತಂದು ಅಲ್ಲಿ ಜೋಡಿಸಲಾಗುತ್ತದೆ. ಗ್ರಾಹಕನ ಕೈ ಸೇರುವಾಗ ಅದು ಪೂರ್ಣಗೊಂಡ ಕಾರೇ ಆಗಿರುತ್ತದೆ. ಕಿಟ್ ಕಾರಿನಲ್ಲಿ ಜೋಡಣೆಯ ಕೆಲಸವೂ ಅದರ ಹೊಣೆಯೂ ಗ್ರಾಹಕನದ್ದಾಗಿರುತ್ತದೆ.

ಇತಿಹಾಸ

ಎರಡನೆಯ ಮಹಾಯುದ್ಧದ ನಂತರ ಬ್ರಿಟನ್ನಿನಲ್ಲಿ ಹೊಸ ಕಾರುಗಳ ಕೊರತೆಯಿತ್ತು ಮತ್ತು ಅವುಗಳ ಮೇಲೆ ಭಾರಿ ಖರೀದಿ ತೆರಿಗೆ ವಿಧಿಸಲಾಗುತ್ತಿತ್ತು. ಬಿಡಿಭಾಗಗಳಾಗಿ ಮಾರಾಟವಾದ ಕಾರಿಗೆ ಈ ತೆರಿಗೆ ಅನ್ವಯಿಸುತ್ತಿರಲಿಲ್ಲ. ಇದೇ ಅವಧಿಯಲ್ಲಿ ಫೈಬರ್‌ಗ್ಲಾಸ್ ಬಳಕೆಗೆ ಬಂದಿದ್ದರಿಂದ, ದುಬಾರಿ ಅಚ್ಚೊತ್ತುವ ಯಂತ್ರಗಳಿಲ್ಲದ ಸಣ್ಣ ಕಾರ್ಯಾಗಾರಗಳೂ ಕಾರಿನ ಹೊರಕವಚವನ್ನು ತಯಾರಿಸಲು ಶಕ್ತವಾದವು. 1950ರ ದಶಕದಲ್ಲಿ ಹಳೆಯ ಆಸ್ಟಿನ್ ಸೆವೆನ್ ಮತ್ತು ಫೋರ್ಡ್ ಕಾರುಗಳ ಚಾಸಿಯ ಮೇಲೆ ಇಂತಹ ಕವಚಗಳನ್ನು ಕೂರಿಸುವ ಹವ್ಯಾಸ ವ್ಯಾಪಕವಾಗಿ ಹರಡಿತು.

ಕಾಲಿನ್ ಚಾಪ್‌ಮನ್ ಸ್ಥಾಪಿಸಿದ ಲೋಟಸ್ ಕಂಪನಿಯು ಆರಂಭದ ವರ್ಷಗಳಲ್ಲಿ ತನ್ನ ಕಾರುಗಳನ್ನು ಕಿಟ್ ರೂಪದಲ್ಲಿಯೇ ಮಾರುತ್ತಿತ್ತು. 1957ರಲ್ಲಿ ಬಿಡುಗಡೆಯಾದ ಲೋಟಸ್ ಸೆವೆನ್ ಈ ಕ್ಷೇತ್ರದ ಅತ್ಯಂತ ಪ್ರಭಾವಶಾಲಿ ಮಾದರಿಯೆನಿಸಿತು. ಎರಡು ಆಸನಗಳ, ಮೇಲ್ಛಾವಣಿಯಿಲ್ಲದ, ಸುಮಾರು 500 ಕಿಲೋಗ್ರಾಂ ತೂಕದ ಈ ಕಾರಿನ ರಚನೆ ಬಹಳ ಸರಳವಾಗಿತ್ತು. ಟಿವಿಆರ್, ಜಿನೆಟ್ಟಾ, ಮಾರ್ಕೋಸ್ ಮೊದಲಾದ ಬ್ರಿಟಿಷ್ ಕಂಪನಿಗಳೂ ಕಿಟ್ ರೂಪದಲ್ಲಿ ಕಾರುಗಳನ್ನು ಮಾರಿದವು.

1973ರಲ್ಲಿ ಬ್ರಿಟನ್ ಖರೀದಿ ತೆರಿಗೆಯನ್ನು ರದ್ದುಗೊಳಿಸಿ ಮೌಲ್ಯವರ್ಧಿತ ತೆರಿಗೆಯನ್ನು ಜಾರಿಗೆ ತಂದಿತು. ಇದರಿಂದ ಕಿಟ್ ಕಾರುಗಳಿಗಿದ್ದ ತೆರಿಗೆಯ ಅನುಕೂಲ ಇಲ್ಲವಾಯಿತು. ಅದೇ ವರ್ಷ ಲೋಟಸ್ ಸೆವೆನ್ ತಯಾರಿಕೆಯ ಹಕ್ಕುಗಳು ಕೇಟರ್‌ಹ್ಯಾಮ್ ಸಂಸ್ಥೆಗೆ ದೊರೆತವು. ಆ ಸಂಸ್ಥೆ ಇದೇ ವಿನ್ಯಾಸದ ಕಾರುಗಳ ತಯಾರಿಕೆಯನ್ನು ಮುಂದುವರಿಸಿತು. ತೆರಿಗೆಯ ಲಾಭ ಹೋದ ಬಳಿಕವೂ ಕಿಟ್ ಕಾರುಗಳು ಉಳಿದುಕೊಳ್ಳಲು ಬೇರೊಂದು ಕಾರಣವಿತ್ತು. ಆ ಕಾಲದ ಸಾಮಾನ್ಯ ಕಾರುಗಳ ಹೊರಕವಚ ಬೇಗನೆ ತುಕ್ಕು ಹಿಡಿದು ವಾರ್ಷಿಕ ತಪಾಸಣೆಯಲ್ಲಿ ಅನುತ್ತೀರ್ಣವಾಗುತ್ತಿತ್ತು. ಆದರೆ ಎಂಜಿನ್ ಮತ್ತು ಗೇರ್‌ಬಾಕ್ಸ್ ಇನ್ನೂ ಬಳಕೆಗೆ ಯೋಗ್ಯವಾಗಿರುತ್ತಿದ್ದವು. ಅಂತಹ ಕಾರುಗಳು ಅತಿ ಕಡಿಮೆ ಬೆಲೆಗೆ ದಾನಿ ಕಾರುಗಳಾಗಿ ಲಭಿಸುತ್ತಿದ್ದವು. 1970 ಮತ್ತು 1980ರ ದಶಕಗಳಲ್ಲಿ ಡಟನ್‌ನಂತಹ ಕಂಪನಿಗಳು ಈ ಪರಿಸ್ಥಿತಿಯನ್ನು ಬಳಸಿಕೊಂಡು ಅಗ್ಗದ ಕಿಟ್ಟುಗಳನ್ನು ದೊಡ್ಡ ಸಂಖ್ಯೆಯಲ್ಲಿ ಮಾರಿದವು.

ಅಮೆರಿಕದಲ್ಲಿ ಫೋಕ್ಸ್‌ವ್ಯಾಗನ್ ಬೀಟಲ್ ಕಾರು ಪ್ರಮುಖ ದಾನಿಯಾಯಿತು. ಅದರ ಹೊರಕವಚವನ್ನು ತಳಭಾಗದಿಂದ ಬೇರ್ಪಡಿಸಬಹುದಾಗಿದ್ದು, ಎಂಜಿನ್ ಹಿಂಭಾಗದಲ್ಲಿತ್ತು. ಕ್ಯಾಲಿಫೋರ್ನಿಯಾದ ಬ್ರೂಸ್ ಮೇಯರ್ಸ್ 1964ರಲ್ಲಿ ರೂಪಿಸಿದ 'ಮೇಯರ್ಸ್ ಮ್ಯಾಂಕ್ಸ್' ಎಂಬ ಮರಳುಗಾಡಿ ಈ ಬಗೆಯಲ್ಲಿ ಪ್ರಸಿದ್ಧ. ಅದರ ವಿನ್ಯಾಸವನ್ನು ಇತರರು ಅಪಾರವಾಗಿ ನಕಲು ಮಾಡಿದರು.

ಲೋಕಾಸ್ಟ್ ಮತ್ತು ಕಡಿಮೆ ವೆಚ್ಚದ ಕಾರುಗಳು

ಕಡಿಮೆ ವೆಚ್ಚದ ಕಾರು ನಿರ್ಮಾಣಕ್ಕೆ ಹೊಸ ತಿರುವು ನೀಡಿದ್ದು ರಾನ್ ಚಾಂಪಿಯನ್ ಬರೆದ, 1996ರಲ್ಲಿ ಹೇನ್ಸ್ ಪ್ರಕಾಶನ ಹೊರತಂದ ಕೈಪಿಡಿ. ಕೇವಲ 250 ಪೌಂಡ್ ವೆಚ್ಚದಲ್ಲಿ ಕ್ರೀಡಾ ಕಾರನ್ನು ನಿರ್ಮಿಸಬಹುದೆಂದು ಅದರ ಶೀರ್ಷಿಕೆಯೇ ಸಾರುತ್ತಿತ್ತು. ಲೋಟಸ್ ಸೆವೆನ್ ಅನ್ನು ಹೋಲುವ ಈ ಕಾರಿಗೆ 'ಲೋಕಾಸ್ಟ್' ಎಂಬ ಹೆಸರು ಬಂದಿತು. ಒಂದು ಅಂಗುಲದ ಚೌಕಾಕಾರದ ಸಾದಾ ಉಕ್ಕಿನ ಕೊಳವೆಗಳನ್ನು ಬೆಸೆದು ಮಾಡಿದ ಚೌಕಟ್ಟು, ಅಲ್ಯೂಮಿನಿಯಂ ಹಾಳೆಯ ಹೊದಿಕೆ, ಫೈಬರ್‌ಗ್ಲಾಸಿನ ಮೂತಿ ಮತ್ತು ಚಕ್ರಗವಚಗಳು, ಫೋರ್ಡ್ ಎಸ್ಕಾರ್ಟ್ ಕಾರಿನ ಯಂತ್ರಭಾಗಗಳು ಇದರ ಮುಖ್ಯ ಅಂಶಗಳು. ಬ್ರಿಟನ್ನಿನ 750 ಮೋಟಾರ್ ಕ್ಲಬ್ ಈ ಕಾರುಗಳಿಗಾಗಿಯೇ ಪ್ರತ್ಯೇಕ ಓಟದ ಸ್ಪರ್ಧಾ ಸರಣಿಯನ್ನು ಆರಂಭಿಸಿತು.

ಈ ಕೈಪಿಡಿ ಸೂಚಿಸಿದ್ದ ಮೊದಲ ಎರಡು ತಲೆಮಾರಿನ ಎಸ್ಕಾರ್ಟ್ ಕಾರುಗಳ ತಯಾರಿಕೆ 1980ರ ವೇಳೆಗೆ ನಿಂತಿತ್ತು. ಕಾಲಕ್ರಮೇಣ ಅವು ಸಂಗ್ರಾಹಕರ ಮತ್ತು ರ‍್ಯಾಲಿ ಸ್ಪರ್ಧಿಗಳ ಮೆಚ್ಚಿನ ಕಾರುಗಳಾಗಿ ಅವುಗಳ ಬೆಲೆ ಏರಿತು. ಆದ್ದರಿಂದ ನಿರ್ಮಿಸುವವರು ಫೋರ್ಡ್ ಸಿಯೆರಾ ಕಾರಿನತ್ತ ಹೊರಳಿದರು. ಹೇನ್ಸ್ ಪ್ರಕಾಶನವು 2007ರಲ್ಲಿ ಕ್ರಿಸ್ ಗಿಬ್ಸ್ ಅವರ ಹೊಸ ಕೈಪಿಡಿಯನ್ನು ಪ್ರಕಟಿಸಿತು. ಅದು ಸಿಯೆರಾ ಆಧಾರಿತ 'ಹೇನ್ಸ್ ರೋಡ್‌ಸ್ಟರ್' ವಿನ್ಯಾಸವನ್ನು ಒಳಗೊಂಡಿತ್ತು. ಸಿಯೆರಾ ಕಾರುಗಳೂ ವಿರಳವಾದ ಮೇಲೆ ಮಾಜ್ದಾ ಎಂಎಕ್ಸ್-5 ಜನಪ್ರಿಯ ದಾನಿಯಾಯಿತು. ಎಂಇವಿ ಎಕ್ಸೋಸೆಟ್‌ನಂತಹ ಕಿಟ್ಟುಗಳು ಎಂಜಿನ್, ಗೇರ್‌ಬಾಕ್ಸ್, ಸಸ್ಪೆನ್ಷನ್ ಎಲ್ಲವನ್ನೂ ಒಂದೇ ಎಂಎಕ್ಸ್-5 ಕಾರಿನಿಂದ ಪಡೆಯುವಂತೆ ರೂಪುಗೊಂಡಿವೆ. ಹಲವು ಕಾರುಗಳಿಂದ ಭಾಗಗಳನ್ನು ಹುಡುಕಿ ತರುವುದಕ್ಕಿಂತ ಒಂದೇ ದಾನಿ ಕಾರನ್ನು ಬಳಸುವುದರಿಂದ ವೆಚ್ಚವೂ ಶ್ರಮವೂ ಕಡಿಮೆಯಾಗುತ್ತದೆ. ಭಾಗಗಳು ಪರಸ್ಪರ ಹೊಂದದಿರುವ ಸಮಸ್ಯೆಯೂ ತಪ್ಪುತ್ತದೆ.

ನಿರ್ಮಾಣದ ಹಂತಗಳು

ನಿರ್ಮಾಣವು ಸಾಮಾನ್ಯವಾಗಿ ಕೆಳಗಿನ ಕ್ರಮದಲ್ಲಿ ಸಾಗುತ್ತದೆ.

- ದಾನಿ ಕಾರನ್ನು ಓಡಿಸಿ ನೋಡಿ ಅದರ ಎಂಜಿನ್ ಮತ್ತು ಗೇರ್‌ಬಾಕ್ಸ್ ಸುಸ್ಥಿತಿಯಲ್ಲಿವೆಯೆಂದು ಖಚಿತಪಡಿಸಿಕೊಂಡು ನಂತರ ಬಿಚ್ಚುವುದು. ಪ್ರತಿ ಭಾಗಕ್ಕೂ ತಂತಿಗೂ ಗುರುತುಚೀಟಿ ಕಟ್ಟಿ ಛಾಯಾಚಿತ್ರ ತೆಗೆದಿಡುವುದು ರೂಢಿ.
- ಚಾಸಿಯನ್ನು ಸಿದ್ಧಪಡಿಸಿ ತುಕ್ಕು ನಿರೋಧಕ ಬಣ್ಣ ಬಳಿಯುವುದು.
- ಸಸ್ಪೆನ್ಷನ್, ಆಕ್ಸಲ್ ಮತ್ತು ಸ್ಟೀರಿಂಗ್ ಜೋಡಿಸಿ ಕಾರನ್ನು ಚಕ್ರಗಳ ಮೇಲೆ ನಿಲ್ಲಿಸುವುದು.
- ಬ್ರೇಕ್ ಮತ್ತು ಇಂಧನದ ಕೊಳವೆಗಳನ್ನು ಅಳವಡಿಸುವುದು. ಹಳೆಯ ಬ್ರೇಕ್ ಕೊಳವೆ, ರಬ್ಬರ್ ಸೀಲು ಮತ್ತು ಪ್ಯಾಡುಗಳ ಬದಲಿಗೆ ಹೊಸತನ್ನೇ ಬಳಸಲಾಗುತ್ತದೆ.
- ಎಂಜಿನ್ ಮತ್ತು ಗೇರ್‌ಬಾಕ್ಸ್ ಕೂರಿಸಿ, ರೇಡಿಯೇಟರ್ ಮತ್ತು ಹೊಗೆ ಕೊಳವೆಯನ್ನು ಜೋಡಿಸುವುದು.
- ವೈರಿಂಗ್ ಹಾಕಿ, ದೀಪ, ಹಾರ್ನ್, ವೈಪರ್ ಮತ್ತು ಮಾಪಕಗಳನ್ನು ಪರೀಕ್ಷಿಸುವುದು.
- ಹೊರಕವಚ, ಆಸನ ಮತ್ತು ಸೀಟ್ ಬೆಲ್ಟುಗಳನ್ನು ಅಳವಡಿಸುವುದು.
- ಚಕ್ರಗಳ ಕೋನವನ್ನು ಸರಿಹೊಂದಿಸಿ ಪರೀಕ್ಷೆಗೆ ಸಿದ್ಧಗೊಳಿಸುವುದು.

ಚಾಸಿಯ ಬೆಸುಗೆ ಈ ಎಲ್ಲದರಲ್ಲಿ ಅತ್ಯಂತ ಹೊಣೆಯ ಕೆಲಸ. ಹೊರನೋಟಕ್ಕೆ ನಯವಾಗಿ ಕಾಣುವ ಬೆಸುಗೆಯೂ ಒಳಗೆ ಲೋಹ ಸರಿಯಾಗಿ ಬೆರೆಯದಿದ್ದರೆ ಒತ್ತಡ ಬಿದ್ದಾಗ ಬಿರಿಯಬಹುದು. ಆದ್ದರಿಂದ ಅನುಭವವಿಲ್ಲದವರು ಸಿದ್ಧ ಚಾಸಿಯನ್ನು ಕೊಳ್ಳುವುದು, ಇಲ್ಲವೆ ಕೊಳವೆಗಳನ್ನು ಅಳತೆಗೆ ಕತ್ತರಿಸಿ ತಾತ್ಕಾಲಿಕವಾಗಿ ಹಿಡಿಸಿ ಅಂತಿಮ ಬೆಸುಗೆಯನ್ನು ನುರಿತವರಿಂದ ಮಾಡಿಸುವುದು ವಾಡಿಕೆ. ಕೆಲಸದ ಅವಧಿಯಲ್ಲಿಯೂ ಅಪಾಯಗಳಿವೆ. ಜಾಕ್ ಒಂದನ್ನೇ ನಂಬಿ ಕಾರಿನ ಅಡಿಯಲ್ಲಿ ಮಲಗುವುದು, ಪೆಟ್ರೋಲ್ ಇರುವಲ್ಲಿ ಬೆಸುಗೆ ಹಾಕುವುದು ಮತ್ತು ಮುಖಗವಸಿಲ್ಲದೆ ಫೈಬರ್‌ಗ್ಲಾಸ್ ಉಜ್ಜುವುದು ಇವುಗಳಲ್ಲಿ ಮುಖ್ಯವಾದವು.

ವೆಚ್ಚ

250 ಪೌಂಡ್ ಎಂಬ ಮೊತ್ತವು ಬೆಸುಗೆ ಯಂತ್ರ ಮತ್ತು ಸಲಕರಣೆಗಳು ಕೈಯಲ್ಲಿದ್ದು, ಭಾಗಗಳನ್ನು ಗುಜರಿಯಿಂದ ಆಯ್ದು ತರುವ, ಪ್ರತಿಯೊಂದು ಕೆಲಸವನ್ನೂ ತಾನೇ ಮಾಡಬಲ್ಲ ನಿರ್ಮಾಪಕನನ್ನು ಗಮನದಲ್ಲಿಟ್ಟುಕೊಂಡ 1990ರ ದಶಕದ ಲೆಕ್ಕವಾಗಿತ್ತು. ರಸ್ತೆಗಿಳಿಯಲು ಯೋಗ್ಯವಾದ ಕಾರಿಗೆ ಇಂದು ತಗಲುವ ವೆಚ್ಚ ಇದರ ಹಲವು ಪಟ್ಟು ಹೆಚ್ಚು. ಹೊಸಬರು ಕಿಟ್ ಮತ್ತು ದಾನಿ ಕಾರಿನ ಬೆಲೆಯನ್ನಷ್ಟೇ ಕೂಡಿಸಿ ಲೆಕ್ಕ ಹಾಕುವುದುಂಟು. ವಾಸ್ತವದಲ್ಲಿ ಟೈರು, ಬ್ರೇಕ್ ಭಾಗಗಳು, ಬೇರಿಂಗುಗಳು, ನಟ್ಟು-ಬೋಲ್ಟುಗಳು, ಎಣ್ಣೆಗಳು, ಬಣ್ಣ, ಸಲಕರಣೆಗಳು, ಸಾಗಾಣಿಕೆ, ಪರೀಕ್ಷಾ ಶುಲ್ಕ, ನೋಂದಣಿ ಶುಲ್ಕ ಮತ್ತು ವಿಮೆ ಸೇರಿದಾಗ ಒಟ್ಟು ಮೊತ್ತ ಗಣನೀಯವಾಗಿ ಬೆಳೆಯುತ್ತದೆ. ದಾನಿ ಕಾರಿನ ಬೇಡವಾದ ಭಾಗಗಳನ್ನು ಮಾರಿ ಒಂದಷ್ಟು ಹಣವನ್ನು ಮರಳಿ ಪಡೆಯುವುದು ಕಡಿಮೆ ವೆಚ್ಚದ ನಿರ್ಮಾಣದ ಒಂದು ಮುಖ್ಯ ಉಪಾಯ.

ಹಣದಂತೆಯೇ ಸಮಯ ಮತ್ತು ಸ್ಥಳವೂ ಬೇಕಾಗುತ್ತವೆ. ವಾರಾಂತ್ಯಗಳಲ್ಲಿ ಮಾತ್ರ ದುಡಿಯುವವರಿಗೆ ಕಾರು ಪೂರ್ಣಗೊಳ್ಳಲು ಒಂದೆರಡು ವರ್ಷಗಳು ಹಿಡಿಯುವುದು ಅಪರೂಪವಲ್ಲ. ವಿದ್ಯಾಭ್ಯಾಸ ಅಥವಾ ಉದ್ಯೋಗಕ್ಕಾಗಿ ಊರು ಬಿಡಬೇಕಾಗುವ ವಯಸ್ಸಿನವರ ಅನೇಕ ಕಾರುಗಳು ಅರ್ಧಕ್ಕೆ ನಿಲ್ಲಲು ಇದೂ ಒಂದು ಕಾರಣ.

ಬ್ರಿಟನ್ನಿನಲ್ಲಿ ಅನುಮೋದನೆ ಮತ್ತು ನೋಂದಣಿ

ದೊಡ್ಡ ಕಂಪನಿಗಳ ಕಾರುಗಳಿಗೆ ಮಾದರಿಯೊಂದಕ್ಕೆ ಒಮ್ಮೆ ಅನುಮೋದನೆ ದೊರೆತರೆ ಸಾಕು. ಸ್ವತಃ ನಿರ್ಮಿಸಿದ ಕಾರುಗಳನ್ನು ಒಂದೊಂದಾಗಿ ಪರೀಕ್ಷಿಸಬೇಕಾಗುತ್ತದೆ. ಇದಕ್ಕಾಗಿ ಬ್ರಿಟನ್ನಿನಲ್ಲಿ 1998ರಲ್ಲಿ ಏಕವಾಹನ ಅನುಮೋದನಾ ವ್ಯವಸ್ಥೆ ಜಾರಿಗೆ ಬಂದಿತು. 2009ರಲ್ಲಿ ಅದರ ಸ್ಥಾನದಲ್ಲಿ ಇನ್ನಷ್ಟು ಕಟ್ಟುನಿಟ್ಟಾದ 'ಐವಿಎ' ಎಂಬ ವೈಯಕ್ತಿಕ ವಾಹನ ಅನುಮೋದನಾ ವ್ಯವಸ್ಥೆ ಬಂದಿತು. ಇಂಗ್ಲೆಂಡ್, ಸ್ಕಾಟ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಈ ಪರೀಕ್ಷೆಯನ್ನು ಚಾಲಕ ಮತ್ತು ವಾಹನ ಗುಣಮಟ್ಟ ಸಂಸ್ಥೆ ನಡೆಸುತ್ತದೆ.

ಪರೀಕ್ಷಕರು ಬ್ರೇಕ್, ಸ್ಟೀರಿಂಗ್, ದೀಪಗಳು, ಕನ್ನಡಿಗಳು, ಸೀಟ್ ಬೆಲ್ಟಿನ ಬಂಧಗಳು, ಹೊಗೆ, ಶಬ್ದ ಮೊದಲಾದವುಗಳನ್ನು ಪರಿಶೀಲಿಸುತ್ತಾರೆ. ಬ್ರೇಕ್ ಒತ್ತಿದಾಗ ಹಿಂದಿನ ಚಕ್ರಗಳು ಮುಂದಿನವುಗಳಿಗಿಂತ ಮೊದಲು ಸಿಕ್ಕಿಬೀಳಬಾರದು. ತಿರುಗಿಸಿದ ಸ್ಟೀರಿಂಗ್ ಕಾರು ಚಲಿಸುವಾಗ ತಾನಾಗಿ ನೇರಕ್ಕೆ ಮರಳಬೇಕು. ವೇಗಮಾಪಕವು ನಿಜವಾದ ವೇಗಕ್ಕಿಂತ ಕಡಿಮೆ ತೋರಿಸಬಾರದು. ಪಾದಚಾರಿಗಳಿಗೆ ತಗಲಬಹುದಾದ ಹೊರಭಾಗದ ಅಂಚುಗಳು ಕನಿಷ್ಠ 2.5 ಮಿಲಿಮೀಟರ್ ತ್ರಿಜ್ಯದಷ್ಟು ದುಂಡಗಿರಬೇಕು. ಮೊದಲ ಯತ್ನದಲ್ಲಿ ಅನೇಕ ಕಾರುಗಳು ಅನುತ್ತೀರ್ಣವಾಗುವುದು ಇಂತಹ ಚೂಪಾದ ಅಂಚುಗಳಿಂದಲೇ. ದೋಷಗಳನ್ನು ಸರಿಪಡಿಸಿ ಮತ್ತೆ ಪರೀಕ್ಷೆಗೆ ತರಲು ಅವಕಾಶವಿದೆ. ಹೊಗೆಯ ಮಿತಿಯು ಎಂಜಿನ್ ತಯಾರಾದ ಕಾಲವನ್ನು ಅವಲಂಬಿಸಿರುವುದರಿಂದ, ಎಂಜಿನ್ನಿನ ವಯಸ್ಸನ್ನು ಸಾಬೀತುಪಡಿಸುವ ದಾಖಲೆಯನ್ನು ಕಾಯ್ದಿರಿಸಿಕೊಳ್ಳುವುದು ಅಗತ್ಯ.

ಅನುಮೋದನೆ ಪಡೆದ ಕಾರನ್ನು ಚಾಲಕ ಮತ್ತು ವಾಹನ ಪರವಾನಗಿ ಸಂಸ್ಥೆಯಲ್ಲಿ ನೋಂದಾಯಿಸಬೇಕು. ಭಾಗಗಳ ಮೂಲವನ್ನು ಅನುಸರಿಸಿ ಕಾರಿಗೆ ಹೊಸ ನೋಂದಣಿ ಸಂಖ್ಯೆ, ದಾನಿ ಕಾರಿನ ವಯಸ್ಸಿಗೆ ಹೊಂದುವ ಸಂಖ್ಯೆ ಅಥವಾ 'ಕ್ಯೂ' ಅಕ್ಷರದಿಂದ ಆರಂಭವಾಗುವ ಸಂಖ್ಯೆ ದೊರೆಯುತ್ತದೆ. ವಾಹನದ ವಯಸ್ಸು ಅಥವಾ ಮೂಲ ಖಚಿತವಾಗದಿದ್ದಲ್ಲಿ 'ಕ್ಯೂ' ಸಂಖ್ಯೆ ನೀಡಲಾಗುತ್ತದೆ. ಇಂತಹ ಕಾರುಗಳ ಮರುಮಾರಾಟದ ಬೆಲೆ ಸಾಮಾನ್ಯವಾಗಿ ಕಡಿಮೆ. ದಾನಿ ಕಾರಿನ ನೋಂದಣಿ ಪತ್ರ ಮತ್ತು ಎಲ್ಲ ಭಾಗಗಳ ರಸೀದಿಗಳನ್ನು ಜೋಪಾನವಾಗಿಡಲು ಕೈಪಿಡಿಗಳು ಒತ್ತಿ ಹೇಳುವುದು ಇದೇ ಕಾರಣಕ್ಕೆ.

ಯುವ ಚಾಲಕರು ಮತ್ತು ವಿಮೆ

ಬ್ರಿಟನ್ನಿನಲ್ಲಿ 17ನೆಯ ವಯಸ್ಸಿನಿಂದ ಕಾರು ಚಲಾಯಿಸಲು ಕಲಿಯಬಹುದು. ಮೂರನೆಯ ವ್ಯಕ್ತಿಗೆ ಆಗುವ ಹಾನಿಯನ್ನು ಭರಿಸುವ ವಿಮೆ ರಸ್ತೆಗಿಳಿಯುವ ಪ್ರತಿಯೊಂದು ಕಾರಿಗೂ ಕಡ್ಡಾಯ. ಹೊಸ ಚಾಲಕರು ಅಪಘಾತಕ್ಕೀಡಾಗುವ ಸಂಭವ ಹೆಚ್ಚಿರುವುದರಿಂದ ಅವರ ವಿಮಾ ಕಂತು ಯಾವುದೇ ಕಾರಿಗೂ ಅಧಿಕವಾಗಿರುತ್ತದೆ. ಸಾಮಾನ್ಯ ಕಾರುಗಳನ್ನು ಅಪಾಯದ ಪ್ರಮಾಣಕ್ಕೆ ಅನುಗುಣವಾಗಿ 1ರಿಂದ 50ರವರೆಗಿನ ಗುಂಪುಗಳಲ್ಲಿ ವಿಂಗಡಿಸಲಾಗಿದ್ದು, ಯುವಕರು ಕೆಳಗಿನ ಗುಂಪಿನ ಸಣ್ಣ ಕಾರನ್ನು ಆರಿಸಿಕೊಂಡು ಕಂತನ್ನು ತಗ್ಗಿಸಿಕೊಳ್ಳಬಹುದು. ಒಂದೊಂದೂ ಬೇರೆ ಬೇರೆಯಾಗಿರುವ ಕಿಟ್ ಕಾರುಗಳನ್ನು ಹೀಗೆ ವಿಂಗಡಿಸಲು ಸಾಧ್ಯವಿಲ್ಲ. ಆದ್ದರಿಂದ ಅವುಗಳಿಗೆ ಈ ಕ್ಷೇತ್ರದಲ್ಲಿ ಪರಿಣತಿಯಿರುವ ವಿಮಾ ಸಂಸ್ಥೆಗಳನ್ನೇ ಆಶ್ರಯಿಸಬೇಕಾಗುತ್ತದೆ.

ಇಂತಹ ಸಂಸ್ಥೆಗಳು ವರ್ಷಕ್ಕೆ ಸೀಮಿತ ದೂರ ಓಡಿಸುವ, ಕಾರನ್ನು ಗ್ಯಾರೇಜಿನಲ್ಲಿಡುವ, ಕಿಟ್ ಕಾರು ಸಂಘದ ಸದಸ್ಯರಾದ ಅನುಭವಿ ಚಾಲಕರಿಗೆ ಕಂತಿನಲ್ಲಿ ರಿಯಾಯಿತಿ ನೀಡುತ್ತವೆ. ಕಿಟ್ ಕಾರಿನ ವಿಮೆ ಅಗ್ಗವೆಂಬ ನಂಬಿಕೆ ಹುಟ್ಟಿರುವುದು ಇದರಿಂದಲೇ. ಆದರೆ ಅನೇಕ ಸಂಸ್ಥೆಗಳು 21 ಅಥವಾ 25 ವರ್ಷಕ್ಕಿಂತ ಚಿಕ್ಕವರಿಗೆ ಕಿಟ್ ಕಾರಿನ ವಿಮೆಯನ್ನೇ ನೀಡುವುದಿಲ್ಲ; ನೀಡಿದರೂ ಕಂತು ಕಾರಿನ ಬೆಲೆಯನ್ನೇ ಮೀರಬಹುದು. ಆದ್ದರಿಂದ ಕಿಟ್ ಕೊಳ್ಳುವ ಮೊದಲೇ ಕಾರಿನ ಮಾದರಿ, ಎಂಜಿನ್ ಗಾತ್ರ ಮತ್ತು ಚಾಲಕನ ವಯಸ್ಸನ್ನು ತಿಳಿಸಿ ವಿಮಾ ದರವನ್ನು ವಿಚಾರಿಸುವುದು ಅಗತ್ಯವಾಗುತ್ತದೆ.

ಕಂತನ್ನು ಉಳಿಸಲು ತಂದೆ ಅಥವಾ ತಾಯಿಯನ್ನು ಮುಖ್ಯ ಚಾಲಕರೆಂದು ಸುಳ್ಳು ಘೋಷಿಸಿ, ನಿಜವಾಗಿ ಕಾರನ್ನು ಮಗ ಅಥವಾ ಮಗಳು ಓಡಿಸುವುದು ಅಲ್ಲಿನ ಕಾನೂನಿನಲ್ಲಿ ವಂಚನೆಯೆನಿಸುತ್ತದೆ. ಇದು ಪತ್ತೆಯಾದರೆ ವಿಮೆ ರದ್ದಾಗಿ ಪರಿಹಾರ ನಿರಾಕರಿಸಲ್ಪಡಬಹುದು. ವಿಮೆಯಿಲ್ಲದೆ ವಾಹನ ಚಲಾಯಿಸಿದ ಅಪರಾಧಕ್ಕೆ ಪರವಾನಗಿಯಲ್ಲಿ ಕನಿಷ್ಠ 6 ದಂಡಾಂಕಗಳು ದಾಖಲಾಗುತ್ತವೆ. ಪರವಾನಗಿ ಪಡೆದ ಮೊದಲ ಎರಡು ವರ್ಷಗಳಲ್ಲಿ 6 ದಂಡಾಂಕ ತಲುಪಿದವರ ಪರವಾನಗಿ, 1997ರಿಂದ ಜಾರಿಯಲ್ಲಿರುವ ನಿಯಮದಂತೆ ರದ್ದಾಗುತ್ತದೆ ಮತ್ತು ಅವರು ಚಾಲನಾ ಪರೀಕ್ಷೆಗಳಲ್ಲಿ ಮತ್ತೊಮ್ಮೆ ಉತ್ತೀರ್ಣರಾಗಬೇಕಾಗುತ್ತದೆ. ಹೀಗೆ ವಿಮೆಯ ಒಂದು ತಪ್ಪಿನಿಂದಲೇ ಹೊಸ ಚಾಲಕನು ಪರವಾನಗಿಯನ್ನು ಕಳೆದುಕೊಳ್ಳುವ ಸಾಧ್ಯತೆಯಿದೆ.

ಸುರಕ್ಷತೆ

ಲೋಟಸ್ ಸೆವೆನ್ ಮಾದರಿಯ ಅಗ್ಗದ ಕಾರುಗಳಲ್ಲಿ ಏರ್‌ಬ್ಯಾಗ್, ಚಕ್ರಗಳು ಸಿಕ್ಕಿಬೀಳದಂತೆ ತಡೆಯುವ ಎಬಿಎಸ್ ಬ್ರೇಕ್ ಮತ್ತು ಕಾರು ಜಾರದಂತೆ ನಿಯಂತ್ರಿಸುವ ವಿದ್ಯುನ್ಮಾನ ವ್ಯವಸ್ಥೆಗಳು ಸಾಮಾನ್ಯವಾಗಿ ಇರುವುದಿಲ್ಲ. ಇವುಗಳನ್ನು ಡಿಕ್ಕಿ ಪರೀಕ್ಷೆಗೂ ಒಳಪಡಿಸಿರುವುದಿಲ್ಲ. ಐವಿಎ ಪರೀಕ್ಷೆಯು ಕಾರು ನಿಯಮಾನುಸಾರವಾಗಿದೆಯೆಂದು ಖಚಿತಪಡಿಸುತ್ತದೆಯೇ ಹೊರತು ಅಪಘಾತದಲ್ಲಿ ಅದು ಹೇಗೆ ವರ್ತಿಸುವುದೆಂದು ತಿಳಿಸುವುದಿಲ್ಲ.

ತೂಕ ಕಡಿಮೆಯಿರುವುದರಿಂದ ಸಾಧಾರಣ ಎಂಜಿನ್ ಇದ್ದರೂ ಇವು ತ್ವರಿತವಾಗಿ ವೇಗ ಪಡೆಯುತ್ತವೆ. ಬಹುತೇಕ ಕಾರುಗಳಲ್ಲಿ ಶಕ್ತಿಯು ಹಿಂದಿನ ಚಕ್ರಗಳಿಗೆ ರವಾನೆಯಾಗುವುದರಿಂದ, ಒದ್ದೆ ರಸ್ತೆಯ ತಿರುವಿನಲ್ಲಿ ಆಕ್ಸಿಲರೇಟರನ್ನು ಹೆಚ್ಚು ಒತ್ತಿದರೆ ಹಿಂಭಾಗ ಜಾರಬಹುದು. ಕಾರು ತೀರ ತಗ್ಗಾಗಿರುವುದರಿಂದ ಲಾರಿ ಮತ್ತು ಬಸ್ಸುಗಳ ಚಾಲಕರ ಕಣ್ಣಿಗೆ ಸುಲಭವಾಗಿ ಬೀಳುವುದಿಲ್ಲ. ಉರುಳಿದಾಗ ತಲೆಯನ್ನು ರಕ್ಷಿಸುವ ಗಟ್ಟಿಮುಟ್ಟಾದ ಉಕ್ಕಿನ ಕಮಾನು, ಸರಿಯಾಗಿ ಬಂಧಿಸಿದ ಸೀಟ್ ಬೆಲ್ಟು, ಮಿತವಾದ ಶಕ್ತಿಯ ಎಂಜಿನ್ ಮತ್ತು ಉತ್ತಮ ಟೈರುಗಳು ಹೊಸ ಚಾಲಕರಿಗೆ ಮುಖ್ಯ. ದಿನನಿತ್ಯದ ಓಡಾಟಕ್ಕೆ ಸಾಮಾನ್ಯ ಕಾರನ್ನು ಬಳಸುತ್ತ ರಸ್ತೆಯ ಅನುಭವ ಗಳಿಸಿ, ಅದೇ ವರ್ಷಗಳಲ್ಲಿ ಬಿಡುವಿನ ವೇಳೆ ಕಿಟ್ ಕಾರನ್ನು ನಿರ್ಮಿಸುವುದು ವಿಮೆ ಮತ್ತು ಸುರಕ್ಷತೆ ಎರಡರ ದೃಷ್ಟಿಯಿಂದಲೂ ಅನುಕೂಲಕರ. ಕಾರು ಸಿದ್ಧವಾಗುವ ಹೊತ್ತಿಗೆ ಚಾಲಕನ ವಯಸ್ಸೂ ಅನುಭವವೂ ಹೆಚ್ಚಿರುತ್ತವೆ.

ಬಳಸಿದ ಕಿಟ್ ಕಾರಿನ ಖರೀದಿ

ಪೂರ್ಣಗೊಂಡ ಹಳೆಯ ಕಿಟ್ ಕಾರು ಅನೇಕ ವೇಳೆ ಅದರ ನಿರ್ಮಾಣಕ್ಕೆ ತಗುಲಿದ ವೆಚ್ಚಕ್ಕಿಂತ ಕಡಿಮೆ ಬೆಲೆಗೆ ದೊರೆಯುತ್ತದೆ. ಕೊಳ್ಳುವವರು ಪರಿಶೀಲಿಸಬೇಕಾದ ಅಂಶಗಳು ಇವು.

- ನೋಂದಣಿ ಪತ್ರದಲ್ಲಿರುವ ಚಾಸಿ ಸಂಖ್ಯೆ, ಎಂಜಿನ್ ಗಾತ್ರ ಮತ್ತು ಕಾರಿನ ಹೆಸರು ವಾಸ್ತವಕ್ಕೆ ಹೊಂದುತ್ತವೆಯೇ ಎಂಬುದು. ಪತ್ರದಲ್ಲಿ ಇನ್ನೂ ದಾನಿ ಕಾರಿನ ಹೆಸರೇ ಇದ್ದರೆ ನೋಂದಣಿಯ ಸಿಂಧುತ್ವ ಪ್ರಶ್ನಾರ್ಹವಾಗುತ್ತದೆ.
- ಅನುಮೋದನಾ ಪ್ರಮಾಣಪತ್ರ, ರಸೀದಿಗಳು ಮತ್ತು ನಿರ್ಮಾಣದ ಹಂತದ ಛಾಯಾಚಿತ್ರಗಳು.
- ಸಸ್ಪೆನ್ಷನ್ ಕೂಡುವ ಸ್ಥಳಗಳಲ್ಲಿ ಬೆಸುಗೆಯ ಬಿರುಕು ಮತ್ತು ಕೊಳವೆಗಳ ತುಕ್ಕು.
- ಬ್ರೇಕ್ ಕೊಳವೆಗಳ ಅಳವಡಿಕೆ ಮತ್ತು ವೈರಿಂಗಿನ ಅಚ್ಚುಕಟ್ಟು.
- ಬದಲಿ ಭಾಗಗಳನ್ನು ತರಿಸಲು ಅಗತ್ಯವಾದ, ಯಾವ ಭಾಗ ಯಾವ ಕಾರಿನದೆಂಬ ಪಟ್ಟಿ.

ಅರ್ಧಕ್ಕೆ ನಿಂತ ಕಾರುಗಳು ಇನ್ನೂ ಅಗ್ಗವಾಗಿ ಸಿಗುತ್ತವೆ. ಆದರೆ ಸಣ್ಣಪುಟ್ಟ ಭಾಗಗಳು ಕಳೆದುಹೋಗಿರುವುದು, ದಾನಿ ಕಾರಿನ ದಾಖಲೆಗಳಿಲ್ಲದಿರುವುದು ಮತ್ತು ಕಿಟ್ ತಯಾರಕರೇ ವ್ಯವಹಾರ ಮುಚ್ಚಿರುವುದು ಇವುಗಳಲ್ಲಿ ಸಾಮಾನ್ಯ ತೊಡಕುಗಳು.

ಇತರ ದೇಶಗಳಲ್ಲಿ

ಅಮೆರಿಕದಲ್ಲಿ ನೋಂದಣಿಯ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಭಿನ್ನವಾಗಿವೆ. ಮ್ಯಾಸಚೂಸೆಟ್ಸ್‌ನಲ್ಲಿ 1995ರಲ್ಲಿ ಸ್ಥಾಪನೆಯಾದ ಫ್ಯಾಕ್ಟರಿ ಫೈವ್ ರೇಸಿಂಗ್ ಅಲ್ಲಿನ ಪ್ರಮುಖ ಕಿಟ್ ತಯಾರಕ ಸಂಸ್ಥೆ. ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳಲ್ಲಿಯೂ ಸ್ವನಿರ್ಮಿತ ಕಾರುಗಳಿಗೆ ಪ್ರತ್ಯೇಕ ಪರಿಶೀಲನಾ ವ್ಯವಸ್ಥೆಗಳಿವೆ.

ಭಾರತದಲ್ಲಿ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ವಾಹನದ ಮೂಲಮಾದರಿಯನ್ನು ಪುಣೆಯ ಎಆರ್‌ಎಐನಂತಹ ಅಧಿಕೃತ ಸಂಸ್ಥೆಗಳಲ್ಲಿ ಪರೀಕ್ಷೆಗೊಳಪಡಿಸಬೇಕು. ಈ ವ್ಯವಸ್ಥೆ ತಯಾರಿಕಾ ಕಂಪನಿಗಳನ್ನು ಉದ್ದೇಶಿಸಿದ್ದಾಗಿದೆ. ನೋಂದಾಯಿತ ವಾಹನದ ಮೂಲ ಸ್ವರೂಪವನ್ನು ಬದಲಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ನಿರ್ಬಂಧಿಸುತ್ತದೆ; 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ಹೀಗಾಗಿ ಬ್ರಿಟನ್ನಿನ ಮಾದರಿಯಲ್ಲಿ ಹವ್ಯಾಸಿಗಳು ಕಾರು ನಿರ್ಮಿಸಿ ರಸ್ತೆಗಿಳಿಸುವ ಪದ್ಧತಿ ಇಲ್ಲಿ ಬೆಳೆದಿಲ್ಲ. ಭಾರತದ ಯುವಜನರಿಗೆ ಇದಕ್ಕೆ ಸಮೀಪದ ಅವಕಾಶ ದೊರೆಯುವುದು ಬಾಹಾ ಎಸ್‌ಎಇ ಇಂಡಿಯಾ, ಫಾರ್ಮುಲಾ ಭಾರತ್ ಮುಂತಾದ ವಿದ್ಯಾರ್ಥಿ ಸ್ಪರ್ಧೆಗಳಲ್ಲಿ. ಇವುಗಳಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳು ವಾಹನವನ್ನು ತಾವೇ ವಿನ್ಯಾಸಗೊಳಿಸಿ ನಿರ್ಮಿಸಿ ಸ್ಪರ್ಧಾಂಗಣದಲ್ಲಿ ಓಡಿಸುತ್ತಾರೆ. ಬೆಂಗಳೂರಿನ ಆರ್.ವಿ. ಎಂಜಿನಿಯರಿಂಗ್ ಕಾಲೇಜಿನ ಅಶ್ವ ರೇಸಿಂಗ್ ಇಂತಹ ವಿದ್ಯಾರ್ಥಿ ತಂಡಗಳಲ್ಲಿ ಒಂದಾಗಿದೆ.